ಬೇಕ್ಡ್ ಬೀನ್ಸ್: ಮೊದಲು ಕುದಿ, ಆಮೇಲೆ ಬೆಲ್ಲ

ಮಳೆಗಾಲದ ನಾಲ್ಕು ತಿಂಗಳು ತೋಟದ ಮನೆಯ ಅಡುಗೆ ಬಹುಮಟ್ಟಿಗೆ ಉಗ್ರಾಣವನ್ನೇ ನಂಬಿ ನಡೆಯುತ್ತದೆ. ಸಂತೆಗೆ ಹೋಗಲಾಗದ ದಿನ, ಮರ ಬಿದ್ದು ರಸ್ತೆ ಮುಚ್ಚಿದ ದಿನ, ಕರೆಂಟಿಲ್ಲದೆ ಫ್ರಿಜ್ಜಿನ ತರಕಾರಿ ಬಾಡಿದ ದಿನ ಕೈಗೆ ಸಿಗುವುದು ಡಬ್ಬಿಯ ಒಣಕಾಳು, ಬೆಲ್ಲ, ಈರುಳ್ಳಿ, ಸಾಸಿವೆ, ಮೆಣಸು. ಈ ಸಾಮಾನುಗಳಿಂದಲೇ ಆಗುವ ಒಂದು ಹೊರನಾಡಿನ ಅಡುಗೆ ಬೇಕ್ಡ್ ಬೀನ್ಸ್. ನಮ್ಮ ಕಡೆಯ ಹಲವರು ಇದನ್ನು ಡಬ್ಬದಲ್ಲಿ ಬರುವ, ಟೊಮೇಟೊ ರಸದಲ್ಲಿ ಮುಳುಗಿದ ಬಿಳಿಯ ಕಾಳು ಎಂದಷ್ಟೇ ಬಲ್ಲರು. ಹೋಂಸ್ಟೇ ನಡೆಸುವ ಸದಸ್ಯರು ಬೆಳಗಿನ ತಿಂಡಿಗೆ ಆ ಡಬ್ಬವನ್ನು ಒಡೆದು ಬಡಿಸುವುದುಂಟು. ಬೇಕನ್ ಹಾಕಿ ಮನೆಯಲ್ಲೇ ಮಾಡಿದ ಬೀನ್ಸಿಗೆ ಆ ಡಬ್ಬದ ರುಚಿ ಸಾಟಿಯಲ್ಲ, ಖರ್ಚೂ ಕಡಿಮೆ.

ಆದರೆ ಈ ಲೇಖನ ಬರೆಯಲು ರುಚಿಯೊಂದೇ ಕಾರಣವಲ್ಲ. ಈ ಅಡುಗೆಯಲ್ಲಿ ಕ್ರಮ ತಪ್ಪಿದರೆ ಎರಡು ತೊಂದರೆಗಳುಂಟು. ಒಂದು, ಮೂರು ತಾಸು ಸೌದೆ ಅಥವಾ ಗ್ಯಾಸು ಉರಿಸಿದರೂ ಕಾಳು ಬೇಯುವುದಿಲ್ಲ. ಎರಡು, ಅರೆಬೆಂದ ಕಾಳು ತಿಂದವರಿಗೆ ವಾಂತಿ, ಭೇದಿ ಹಿಡಿಯಬಹುದು. ಎರಡಕ್ಕೂ ಪರಿಹಾರ ಒಂದೇ. ಕಾಳನ್ನು ಮೊದಲು ಬರಿಯ ನೀರಿನಲ್ಲಿ ಚೆನ್ನಾಗಿ ಕುದಿಸಿ ಪೂರ್ತಿ ಬೇಯಿಸಬೇಕು. ಬೆಲ್ಲ, ಹುಳಿ, ಸಣ್ಣ ಉರಿ ಎಲ್ಲವೂ ಆಮೇಲೆ. ಇದೇಕೆ ಹೀಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಿಯ ಅಡುಗೆ?

ಬೇಕನ್ ಹಾಕಿದ ಬೇಕ್ಡ್ ಬೀನ್ಸ್ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನದು, ಅದರಲ್ಲೂ ಬಾಸ್ಟನ್ ನಗರದ್ದು. 17ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಪ್ಯೂರಿಟನ್ ಪಂಥದವರು ಶನಿವಾರ ಸೂರ್ಯಾಸ್ತದಿಂದ ಭಾನುವಾರ ಸೂರ್ಯಾಸ್ತದವರೆಗೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಅಡುಗೆಯೂ ಅದರಲ್ಲಿ ಸೇರಿತ್ತು. ಆದ್ದರಿಂದ ಶನಿವಾರವೇ ಕಾಳನ್ನು ಸಿದ್ಧಮಾಡಿ, ಉಪ್ಪಿನಲ್ಲಿ ಊರಿಸಿದ ಹಂದಿಮಾಂಸದ ತುಂಡಿನೊಡನೆ ಮಣ್ಣಿನ ಮಡಕೆಗೆ ತುಂಬಿ, ಇಟ್ಟಿಗೆಯ ಗೂಡೊಲೆಯಲ್ಲಿ ಇಡುತ್ತಿದ್ದರು. ಅಗಲ ಹೊಟ್ಟೆಯ, ಕಿರಿದಾದ ಬಾಯಿಯ ಆ ಮಡಕೆ ರಾತ್ರಿಯಿಡೀ ಒಲೆಯ ಉಳಿದ ಕಾವಿನಲ್ಲೇ ಬೇಯುತ್ತಿತ್ತು. ಬಾಸ್ಟನ್ನಿಗೆ 'ಬೀನ್ಸ್ ಪಟ್ಟಣ' ಎಂಬ ಅಡ್ಡಹೆಸರು ಬಂದದ್ದು ಈ ಅಡುಗೆಯಿಂದ.

ಲಿಡಿಯಾ ಮರಿಯಾ ಚೈಲ್ಡ್ ಎಂಬ ಲೇಖಕಿ 1829ರಲ್ಲಿ ಪ್ರಕಟಿಸಿದ ಮಿತವ್ಯಯದ ಗೃಹಿಣಿಯರ ಕೈಪಿಡಿಯಲ್ಲಿ ಈ ಅಡುಗೆಯ ವಿವರ ಇದೆ. ಅದರಲ್ಲಿ ಸಿಹಿಯೇ ಇಲ್ಲ. ಕಾಳು, ಹಂದಿಮಾಂಸ, ಕಾಳುಮೆಣಸು, ಇಷ್ಟೇ. ಗಮನಿಸಬೇಕಾದದ್ದೇನೆಂದರೆ, ಗೂಡೊಲೆಗೆ ಇಡುವ ಮೊದಲು ಕಾಳನ್ನು ಒಲೆಯ ಮೇಲೆ ಕಾಯಿಸಿ ತೊಳೆಯಬೇಕೆಂದು ಆಕೆಯೂ ಹೇಳಿದ್ದಾಳೆ. ಕಾಕಂಬಿ ಹಾಕಿ ಸಿಹಿ ಮಾಡುವ ರೂಢಿ ವ್ಯಾಪಕವಾದದ್ದು ಅದೇ ಶತಮಾನದ ಮುಂದಿನ ವರ್ಷಗಳಲ್ಲಿ.

ಬಾಸ್ಟನ್ನಿನಲ್ಲಿ ಕಾಕಂಬಿಗೆ ಕೊರತೆ ಇರಲಿಲ್ಲ. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರ ದುಡಿಮೆಯಿಂದ ಆದ ಸಕ್ಕರೆಯ ಉಪೋತ್ಪನ್ನ ಅದು. ನ್ಯೂ ಇಂಗ್ಲೆಂಡಿನಿಂದ ಮೀನು, ಮರ ಹೊತ್ತು ಹೋದ ಹಡಗುಗಳು ಕಾಕಂಬಿಯನ್ನು ತುಂಬಿಕೊಂಡು ಮರಳುತ್ತಿದ್ದವು. ಅದರಿಂದ ರಮ್ ಇಳಿಸುತ್ತಿದ್ದರು. ಬ್ರಿಟಿಷ್ ಪಾರ್ಲಿಮೆಂಟು 1733ರಲ್ಲಿ ಕಾಕಂಬಿಯ ಮೇಲೆ ಹಾಕಿದ ಸುಂಕ ಅಲ್ಲಿಯ ವರ್ತಕರ ಅಸಮಾಧಾನಕ್ಕೆ ಕಾರಣವಾಯಿತು. 1919ರ ಜನವರಿ 15ರಂದು ಬಾಸ್ಟನ್ನಿನಲ್ಲಿ ಕಾಕಂಬಿಯ ಭಾರಿ ಟ್ಯಾಂಕೊಂದು ಒಡೆದು, ಸುಮಾರು 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿ 21 ಜನ ಸತ್ತರು. ಆ ಊರಿಗೂ ಕಾಕಂಬಿಗೂ ಇದ್ದ ನಂಟು ಅಷ್ಟು ದೊಡ್ಡದು.

ಬ್ರಿಟನ್ನಿಗೆ ಹೋದಾಗ ಈ ಅಡುಗೆಯ ರೂಪ ಬದಲಾಯಿತು. ಕಾಕಂಬಿಯ ಜಾಗಕ್ಕೆ ಟೊಮೇಟೊ ಬಂತು. ಎರಡನೆಯ ಮಹಾಯುದ್ಧದ ರೇಷನ್ ಕಾಲದಲ್ಲಿ ಹಂದಿಮಾಂಸವೂ ಹೊರಬಿತ್ತು. ನಮಗೆ ಪರಿಚಯವಾಗಿರುವ ಡಬ್ಬ ಈ ಬ್ರಿಟಿಷ್ ರೂಪದ್ದು.

ಕಾಳು ಯಾವುದು?

ಬಾಸ್ಟನ್ನಿನವರು ಬಳಸುವುದು ಬಟಾಣಿ ಗಾತ್ರದ ಬಿಳಿಯ ಬೀನ್ಸ್ ಕಾಳು. ಅಮೆರಿಕದ ನೌಕಾಪಡೆಯ ಊಟದಲ್ಲಿ ಬಹುಕಾಲ ಇದ್ದುದರಿಂದ ಅದಕ್ಕೆ ಅಲ್ಲಿ ನೇವಿ ಬೀನ್ಸ್ ಎಂದು ಹೆಸರು. ನಮ್ಮ ಅಂಗಡಿಗಳ ಕೆಂಪು ರಾಜ್ಮಾ, ಚುಕ್ಕೆಯ ರಾಜ್ಮಾ, ಪಲ್ಯಕ್ಕೆ ಬಳಸುವ ಎಳೆಯ ಬೀನ್ಸ್ ಕಾಯಿ ಎಲ್ಲವೂ ಅದೇ ಜಾತಿಯ ಬಳ್ಳಿಯ ತಳಿಗಳು. ಇದರ ಮೂಲ ಅಮೆರಿಕ ಖಂಡಗಳು. ಬಿಳಿಯ ಕಾಳು ಸಿಗದಿದ್ದರೆ ಚುಕ್ಕೆಯ ರಾಜ್ಮಾ ಉತ್ತಮ; ಬೇಗ ಬೇಯುತ್ತದೆ, ಸಿಪ್ಪೆ ತೆಳು. ಅಲಸಂದೆ ಬೇರೆ ಜಾತಿಯದಾದರೂ ಈ ಅಡುಗೆಗೆ ಒಗ್ಗುತ್ತದೆ, ಇನ್ನೂ ಬೇಗ ಬೇಯುತ್ತದೆ.

ಹಸಿ ಕಾಳಿನ ನಂಜು

ಬೀನ್ಸ್ ಕಾಳಿನಲ್ಲಿ, ವಿಶೇಷವಾಗಿ ಕೆಂಪು ರಾಜ್ಮಾದಲ್ಲಿ, ಲೆಕ್ಟಿನ್ ಗುಂಪಿಗೆ ಸೇರಿದ ಒಂದು ಪ್ರೋಟೀನು ಇದೆ. ಇದು ಕರುಳಿನ ಒಳಪದರವನ್ನು ಕೆರಳಿಸುತ್ತದೆ. ನೆನೆದ ಹಸಿ ಕೆಂಪುಕಾಳು ನಾಲ್ಕೈದು ತಿಂದರೂ ಸಾಕು, ಒಂದರಿಂದ ಮೂರು ತಾಸಿನೊಳಗೆ ವಾಕರಿಕೆ, ಬಲವಾದ ವಾಂತಿ, ಆಮೇಲೆ ಭೇದಿ ಶುರುವಾಗುತ್ತದೆ. ಸಾಮಾನ್ಯವಾಗಿ ಕೆಲವು ತಾಸಿನಲ್ಲಿ ತಾನಾಗಿ ಇಳಿಯುತ್ತದೆ. ಆದರೂ ಮಕ್ಕಳಿಗೆ, ವಯಸ್ಸಾದವರಿಗೆ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ವೈದ್ಯರಿಗೆ ತೋರಿಸಬೇಕು. ಬಿಳಿಯ ಕಾಳಿನಲ್ಲಿ ಈ ನಂಜು ಕಡಿಮೆ, ಆದರೆ ಇಲ್ಲವೆಂದಲ್ಲ.

ಪೂರಾ ಕುದಿಯುವ ನೀರಿನಲ್ಲಿ ಈ ಪ್ರೋಟೀನು ನಾಶವಾಗುತ್ತದೆ. ಕಾಳನ್ನು ಕನಿಷ್ಠ 5 ತಾಸು ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 30 ನಿಮಿಷ ಕುದಿಸಬೇಕೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಕುದಿಯ ಬಿಂದುವಿಗೆ ಏರದೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತ ಕಾಳು ಹಸಿಕಾಳಿಗಿಂತಲೂ ಹೆಚ್ಚು ಕೆಡುಕು ಮಾಡಬಹುದೆಂದೂ ಅದು ಎಚ್ಚರಿಸಿದೆ.

ನಮ್ಮ ಮನೆಗಳಿಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ. ಬಚ್ಚಲ ಒಲೆಯ ಕೆಂಡದ ಮೇಲೆ, ಅಥವಾ ಬಿಸಿಬೂದಿಯಲ್ಲಿ ಹಸಿಕಾಳಿನ ಮಡಕೆಯನ್ನು ಹೂತಿಟ್ಟರೆ ಬೆಳಗಿನ ಹೊತ್ತಿಗೆ ಬೆಂದಂತೆಯೇ ಕಾಣುತ್ತದೆ. ಆದರೆ ಒಳಗಿನ ನೀರು ಒಮ್ಮೆಯೂ ಕುದಿಯದೆ ಇರಬಹುದು. ಈಗ ಮಾರುಕಟ್ಟೆಗೆ ಬಂದಿರುವ, ಸಣ್ಣ ಕಾವಿನಲ್ಲಿ ದಿನವಿಡೀ ಬೇಯಿಸುವ ಕರೆಂಟಿನ ಪಾತ್ರೆಗಳಿಗೂ ಇದೇ ಮಾತು. ನಿಧಾನದ ಕಾವು ಒಳ್ಳೆಯದೇ, ಆದರೆ ಅದು ಕುದಿದ ಕಾಳಿಗೆ ಮಾತ್ರ.

ಕಾಳು ಏಕೆ ಬೇಯುವುದಿಲ್ಲ?

ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತು ಪೆಕ್ಟಿನ್. ಬಿಸಿನೀರಿನಲ್ಲಿ ಪೆಕ್ಟಿನ್ ಕರಗಿದಾಗ ಕಾಳು ಮೆತ್ತಗಾಗುತ್ತದೆ. ಈ ಕರಗುವಿಕೆಯನ್ನು ಮೂರು ವಸ್ತುಗಳು ತಡೆಯುತ್ತವೆ.

ಮೊದಲನೆಯದು ಹುಳಿ. ಟೊಮೇಟೊ, ಹುಣಿಸೆ, ವಿನೆಗರ್, ಕಾಚಂಪುಳಿ, ಇವುಗಳ ಆಮ್ಲದಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಎರಡನೆಯದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅದು ಪೆಕ್ಟಿನ್ನಿನ ಎಳೆಗಳ ನಡುವೆ ಸೇತುವೆಯಂತೆ ಕುಳಿತು ಬಿಗಿ ಮಾಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯದಿರುವುದು ಇದೇ ಕಾರಣಕ್ಕೆ. ಮೂರನೆಯದು ಸಿಹಿ, ಹೆಚ್ಚು ಸಕ್ಕರೆ ಇದ್ದರೆ ಕಾಳಿನ ಪಿಷ್ಟ ನೀರು ಹೀರಿ ಉಬ್ಬುವುದು ತಡವಾಗುತ್ತದೆ.

ಕಾಕಂಬಿಯಲ್ಲಿ ಈ ಮೂರೂ ಇವೆ: ಸಿಹಿ, ಸ್ವಲ್ಪ ಆಮ್ಲ, ಸಾಕಷ್ಟು ಕ್ಯಾಲ್ಸಿಯಂ. ಬಾಸ್ಟನ್ನಿನ ಕಾಳು ರಾತ್ರಿಯಿಡೀ ಒಲೆಯಲ್ಲಿದ್ದರೂ ಮುದ್ದೆಯಾಗದೆ ಇಡಿಯಾಗಿ ಉಳಿಯುವ ಗುಟ್ಟು ಇದೇ. ಬೆಂದ ಕಾಳಿಗೆ ಕಾಕಂಬಿ ಕಾವಲು, ಬೇಯದ ಕಾಳಿಗೆ ಅದೇ ಬೇಲಿ. ನಮ್ಮ ಬೆಲ್ಲಕ್ಕೂ ಇದು ಅನ್ವಯಿಸುತ್ತದೆ. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿಯನ್ನು ಕೊನೆಗೆ ಹಾಕುವುದನ್ನು ಬಲ್ಲವರಿಗೆ ಹುಳಿಯನ್ನು ತಡವಾಗಿ ಸೇರಿಸುವ ಈ ಕ್ರಮ ಹೊಸದೆನಿಸದು.

ಇವಲ್ಲದೆ ಕಾಳಿನ ವಯಸ್ಸೂ ಮುಖ್ಯ. ಸೆಕೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳಿನಲ್ಲಿ ಒಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಪೆಕ್ಟಿನ್ನಿಗೆ ಅಂಟುತ್ತವೆ. ಅಂಥ ಕಾಳು ನೋಡಲು ಚೆನ್ನಾಗಿದ್ದರೂ ಬೇಯುವುದಿಲ್ಲ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೆರೆದ ಚೀಲದ ಕಾಳಿಗೆ ಈ ಗತಿ ಬರುವುದು ಸಹಜ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ಆಸುಪಾಸಿನ ತೇವಕ್ಕೆ ಒಣಗಿಸಿ ಕಾಯುವ ನಾವು ಮನೆಗೆ ತಂದ ಕಾಳಿನ ತೇವವನ್ನು ನೋಡುವುದೇ ಇಲ್ಲ. ಕಾಳನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ, ಕಚ್ಚಿದರೆ ಕಟ್ಟೆಂದು ಮುರಿಯುವ ಹದಕ್ಕೆ ತಂದು, ಪೂರಾ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ, ಒಲೆಯಿಂದ ದೂರ ತಂಪಾದ ಕಡೆ ಇಡಬೇಕು. ಡಬ್ಬಿಯ ಮೇಲೆ ತಿಂಗಳು, ವರ್ಷ ಬರೆದಿಟ್ಟು ಹಳೆಯದನ್ನು ಮೊದಲು ಮುಗಿಸಬೇಕು.

ಬೇಕನ್ ಎಂದರೇನು?

ಹಂದಿಯ ಹೊಟ್ಟೆಯ ಭಾಗದ, ಕೊಬ್ಬು ಮತ್ತು ಮಾಂಸದ ಪದರಗಳಿರುವ ತುಂಡನ್ನು ಉಪ್ಪು ಮತ್ತು ನೈಟ್ರೈಟ್ ಸೇರಿಸಿ ಊರಿಸಿ, ಹೊಗೆಯಾಡಿಸಿದ್ದು ಬೇಕನ್. ಅಡುಗೆಗೆ ಅದರಿಂದ ಸಿಗುವುದು ಮೂರು: ಉಪ್ಪು, ಕೊಬ್ಬು, ಹೊಗೆಯ ವಾಸನೆ. ಅಂಗಡಿಯ ಬೇಕನ್ ಬಹಳ ಉಪ್ಪಾಗಿರುವುದರಿಂದ ಬೇರೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ರಕ್ತದೊತ್ತಡ ಇರುವವರು ತುಂಡುಗಳನ್ನು ಮೊದಲು ಒಂದು ಕುದಿ ಕುದಿಸಿ ಆ ನೀರು ಚೆಲ್ಲಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಹಂದಿಮಾಂಸವೂ ಈ ಅಡುಗೆಗೆ ಒಪ್ಪುತ್ತದೆ. ಆದರೆ ಹೊಗೆ ಹಿಡಿದ ಮಾತ್ರಕ್ಕೆ ಹಂದಿಮಾಂಸ ಬೆಂದಂತಲ್ಲ. ಲಾಡಿಹುಳುವಿನ ಅಪಾಯ ಇರುವುದರಿಂದ ಅದನ್ನು ಪೂರ್ಣವಾಗಿ ಬೇಯಿಸಲೇಬೇಕು. ನೈಟ್ರೈಟನ್ನು ಅಳತೆ ತಪ್ಪಿ ಬಳಸಿದರೆ ಅದು ವಿಷ; ಮನೆಯಲ್ಲಿ ಆ ಪ್ರಯೋಗ ಬೇಡ.

ಮಾಡುವ ಕ್ರಮ

ಆರೇಳು ಜನರಿಗೆ ಬೇಕಾದ ಸಾಮಾನು: ಒಣ ಬೀನ್ಸ್ ಕಾಳು ಅರ್ಧ ಕಿಲೋ, ಬೇಕನ್ 150ರಿಂದ 200 ಗ್ರಾಂ, ದೊಡ್ಡ ಈರುಳ್ಳಿ 1, ಜೋನಿ ಬೆಲ್ಲ 100 ಮಿಲಿ, ಸಾಸಿವೆ ಪುಡಿ ಒಂದೂವರೆ ಟೀ ಚಮಚ, ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಟೊಮೇಟೊ 2, ಇಲ್ಲವೇ ಟೊಮೇಟೊ ಸಾಸ್ 3 ದೊಡ್ಡ ಚಮಚ, ವಿನೆಗರ್ 2 ಟೀ ಚಮಚ, ಇಲ್ಲವೇ ಕಾಚಂಪುಳಿ ಅರ್ಧ ಟೀ ಚಮಚ, ಉಪ್ಪು.

ಸಾಗರ, ಸಿರ್ಸಿ, ಸಿದ್ದಾಪುರ ಕಡೆಯ ಜೋನಿ ಬೆಲ್ಲ ಕಾಕಂಬಿಗೆ ಒಳ್ಳೆಯ ಬದಲಿ. ಸಕ್ಕರೆ ತೆಗೆದುಳಿದದ್ದು ಕಾಕಂಬಿ. ಜೋನಿ ಬೆಲ್ಲದಲ್ಲಿ ಕಬ್ಬಿನ ಸಿಹಿ ಪೂರಾ ಇರುತ್ತದೆ. ಹಾಗಾಗಿ ಅಳತೆ ಹೆಚ್ಚು ಮಾಡುವುದು ಬೇಡ. ಜೋನಿ ಇಲ್ಲದಿದ್ದರೆ 100 ಗ್ರಾಂ ಕಪ್ಪು ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ದನದ ಮೇವಿಗೆಂದು ಮಾರುವ ಕಾಕಂಬಿಯನ್ನು ಅಡುಗೆಗೆ ಬಳಸಬಾರದು.

1. ನೆನೆಹಾಕುವುದು: ಕಾಳನ್ನು ಆರಿಸಿ, ತೊಳೆದು, 2 ಲೀಟರ್ ನೀರಿಗೆ 2 ದೊಡ್ಡ ಚಮಚ ಉಪ್ಪು ಹಾಕಿ 8ರಿಂದ 12 ತಾಸು ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯದೆಂಬ ನಂಬಿಕೆ ಇದೆ. ನಿಜ ಅದಕ್ಕೆ ವಿರುದ್ಧ. ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಂ ಅನ್ನು ಸರಿಸಿ ಸಿಪ್ಪೆಯನ್ನು ಮೃದು ಮಾಡುತ್ತದೆ. ಬೆಳಿಗ್ಗೆ ಉಬ್ಬದೆ ಕಲ್ಲಿನಂತೆ ಉಳಿದ ಕಾಳುಗಳನ್ನು ಆರಿಸಿ ತೆಗೆಯಿರಿ. ನೀರು ಪೂರಾ ಚೆಲ್ಲಿ, ಕಾಳನ್ನು ಮತ್ತೆ ತೊಳೆಯಿರಿ. ಹೊಟ್ಟೆಯಲ್ಲಿ ವಾಯು ಉಂಟುಮಾಡುವ ಕೆಲವು ಸಕ್ಕರೆಗಳೂ ಆ ನೀರಿನೊಡನೆ ಒಂದಿಷ್ಟು ಹೋಗುತ್ತವೆ.

2. ಕುದಿಸುವುದು: ಹೊಸ ನೀರು ಹಾಕಿ, ಗುಳ್ಳೆ ಏಳುವಂತೆ 30 ನಿಮಿಷ ಕುದಿಸಿ. ಆಮೇಲೆ ಉರಿ ತಗ್ಗಿಸಿ, ಪೂರಾ ಬೇಯುವವರೆಗೆ ಬೇಯಿಸಿ. ಕುಕ್ಕರಿನಲ್ಲಾದರೆ ಮೊದಲ ಕೂಗಿನ ಬಳಿಕ ಸಣ್ಣ ಉರಿಯಲ್ಲಿ ಬಿಳಿಯ ಕಾಳಿಗೆ 10 ನಿಮಿಷ, ರಾಜ್ಮಾಕ್ಕೆ 15ರಿಂದ 20 ನಿಮಿಷ ಇರಿಸಿ, ಒತ್ತಡ ತಾನಾಗಿ ಇಳಿಯಲಿ. ಕಾಳು ನೊರೆಯುಕ್ಕಿ ವೆಂಟನ್ನು ಕಟ್ಟಬಹುದಾದ್ದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅಬ್ಬಿ ನೀರು ಇದ್ದವರು ಅದನ್ನೇ ಬಳಸಿ. ಕೊಳವೆಬಾವಿಯ ಗಡಸು ನೀರೇ ಗತಿಯಾದರೆ, ಅಥವಾ ಕಾಳು ಹಳೆಯದಾದರೆ, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಹೆಚ್ಚಾದರೆ ರುಚಿ ಸಾಬೂನಿನಂತಾಗುತ್ತದೆ, ಬಿ ಜೀವಸತ್ವವೂ ನಷ್ಟವಾಗುತ್ತದೆ.

3. ಪರೀಕ್ಷೆ: ನಾಲ್ಕೈದು ಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಒಳಗೆ ಗಟ್ಟಿ ಇಲ್ಲದೆ ಬೆಣ್ಣೆಯಂತೆ ಚಪ್ಪಟೆಯಾಗಬೇಕು. ಚಮಚದಲ್ಲಿ ತೆಗೆದು ಊದಿದಾಗ ಸಿಪ್ಪೆ ಬಿರಿದು ಏಳಬೇಕೆಂಬುದು ನ್ಯೂ ಇಂಗ್ಲೆಂಡಿನವರ ಹಳೆಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಪಾಸಾಗದ ಕಾಳಿಗೆ ಬೆಲ್ಲ ಸೇರಿಸಬೇಡಿ. ಕಾಳು ಬೆಂದ ನೀರನ್ನು ಚೆಲ್ಲದೆ ತೆಗೆದಿಡಿ.

4. ಒಗ್ಗರಣೆ: ದಪ್ಪತಳದ ಪಾತ್ರೆಯಲ್ಲಿ ಬೇಕನ್ ತುಂಡುಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಕೊಬ್ಬು ಬಿಟ್ಟು ಅಂಚು ಕೆಂಪಾದಾಗ ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ. ಟೊಮೇಟೊ ಹಾಕಿ ಕರಗುವವರೆಗೆ ಬೇಯಿಸಿ. ಸಾಸಿವೆ ಪುಡಿ, ಮೆಣಸು, ಜೋನಿ ಬೆಲ್ಲ ಸೇರಿಸಿ.

5. ನಿಧಾನದ ಕಾವು: ಬೆಂದ ಕಾಳು ಹಾಕಿ, ಅದು ಮುಳುಗುವಷ್ಟು ತೆಗೆದಿಟ್ಟ ನೀರನ್ನು ಬಿಸಿಯಾಗಿ ಹೊಯ್ದು, ಒಂದು ಕುದಿ ಬರಿಸಿ, ಮುಚ್ಚಿ. ಓವನ್ ಇದ್ದವರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ತಾಸು ಇಡಿ. ಕೊನೆಯ ಅರ್ಧ ತಾಸು ಮುಚ್ಚಳ ತೆಗೆದರೆ ಮೇಲ್ಭಾಗ ಕೆಂಪಗಾಗುತ್ತದೆ. ಓವನ್ ಇಲ್ಲದವರು ಪಾತ್ರೆಯ ಅಡಿಗೆ ದೋಸೆಯ ಕಾವಲಿ ಇಟ್ಟು ಅತಿ ಸಣ್ಣ ಉರಿಯಲ್ಲಿ ಒಂದೂವರೆ ತಾಸು ಬೇಯಿಸಬಹುದು. ಸೌದೆ ಒಲೆಯಾದರೆ ಕೆಂಡವನ್ನು ಹರವಿ, ಮುಚ್ಚಳದ ಮೇಲೂ ನಾಲ್ಕು ಕೆಂಡ ಇಟ್ಟರೆ ಅದೇ ಗೂಡೊಲೆ. ಅಮೆರಿಕದ ಮೇಯ್ನ್ ಪ್ರಾಂತ್ಯದ ಮರ ಕಡಿಯುವವರ ಬಿಡಾರಗಳಲ್ಲಿ ನೆಲದ ಗುಂಡಿಯಲ್ಲಿ ಕೆಂಡ ತುಂಬಿ ಬೀನ್ಸ್ ಮಡಕೆಯನ್ನು ಹೂಳುತ್ತಿದ್ದರು. ಅರ್ಧ ತಾಸಿಗೊಮ್ಮೆ ನೋಡಿ, ನೀರು ಆರಿದರೆ ಬಿಸಿನೀರನ್ನೇ ಸೇರಿಸಿ.

6. ಕೊನೆಗೆ: ರಸ ಕಾಳಿಗೆ ಅಂಟಿಕೊಳ್ಳುವಷ್ಟು ಗಟ್ಟಿಯಾದಾಗ ವಿನೆಗರ್ ಅಥವಾ ಕಾಚಂಪುಳಿ ಸೇರಿಸಿ, ಉಪ್ಪು ನೋಡಿ ಇಳಿಸಿ. ಕಾಲು ತಾಸು ಹಾಗೆಯೇ ಬಿಟ್ಟು ಬಡಿಸಿ. ಬಾಸ್ಟನ್ನಿನಲ್ಲಿ ಇದರೊಡನೆ ಹಬೆಯಲ್ಲಿ ಬೇಯಿಸಿದ ಕಂದು ಬ್ರೆಡ್ಡು. ನಮ್ಮಲ್ಲಿ ಅಕ್ಕಿರೊಟ್ಟಿ, ಕಡುಬು ಚೆನ್ನಾಗಿ ಹೊಂದುತ್ತವೆ. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿ ಹೆಚ್ಚಿರುವುದರಿಂದ ಈ ಜೋಡಿ ಆರೋಗ್ಯಕ್ಕೂ ಒಳ್ಳೆಯದು.

ಮಾಂಸ ಬಳಸದ ಮನೆಗಳಿಗೆ

ನಮ್ಮ ಅಡಿಕೆ ಬೆಳೆಗಾರ ಸದಸ್ಯರಲ್ಲಿ ಅನೇಕರು ಸಸ್ಯಾಹಾರಿಗಳು. ಅವರು ಬೇಕನ್ ಬದಲು 3 ದೊಡ್ಡ ಚಮಚ ತೆಂಗಿನೆಣ್ಣೆ ಅಥವಾ ತುಪ್ಪದಲ್ಲಿ ಈರುಳ್ಳಿ ಬಾಡಿಸಿ, ಉಳಿದ ಕ್ರಮವನ್ನು ಹಾಗೆಯೇ ಅನುಸರಿಸಬಹುದು. ಹೊಗೆಯ ವಾಸನೆ ಬೇಕಾದರೆ, ಅಡುಗೆ ಮುಗಿದ ಮೇಲೆ ಚಿಕ್ಕ ಬಟ್ಟಲಲ್ಲಿ ಸೌದೆಯ ನಿಗಿನಿಗಿ ಕೆಂಡವನ್ನಿಟ್ಟು, ಬಟ್ಟಲನ್ನು ಕಾಳಿನ ಮೇಲೆ ಕೂರಿಸಿ, ಕೆಂಡಕ್ಕೆ ಅರ್ಧ ಚಮಚ ತುಪ್ಪ ಬಿಟ್ಟು, 5 ನಿಮಿಷ ಪಾತ್ರೆ ಮುಚ್ಚಿಡಿ.

ಡಬ್ಬದ ಕಾಳೇ ಇದ್ದರೆ

ಅವಸರದ ದಿನ ಡಬ್ಬದ ಬೀನ್ಸನ್ನೂ ಸುಧಾರಿಸಬಹುದು. ಅದು ಡಬ್ಬದಲ್ಲೇ ಪೂರ್ಣ ಬೆಂದಿರುವುದರಿಂದ ಕುದಿಸುವ ಹಂತ ಬೇಕಿಲ್ಲ. ಬೇಕನ್, ಈರುಳ್ಳಿ ಹುರಿದು, ಡಬ್ಬದ ಕಾಳು, ಒಂದು ಚಮಚ ಜೋನಿ ಬೆಲ್ಲ, ಅರ್ಧ ಚಮಚ ಸಾಸಿವೆ ಪುಡಿ ಸೇರಿಸಿ ಸಣ್ಣ ಉರಿಯಲ್ಲಿ 20 ನಿಮಿಷ ಇಟ್ಟರೆ ಸಾಕು. ಉಬ್ಬಿದ, ಸೋರುವ, ತುಕ್ಕು ತೂತು ಬಿದ್ದ ಡಬ್ಬವನ್ನು ರುಚಿಯೂ ನೋಡದೆ ಎಸೆಯಬೇಕು.

ಉಳಿದದ್ದನ್ನು ಇಡುವುದು

ಬೆಂದ ಕಾಳು ಬೇಗ ಹಳಸುತ್ತದೆ. ಎರಡು ತಾಸಿನೊಳಗೆ ಅಗಲ ಪಾತ್ರೆಗೆ ಹಾಕಿ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಬಡಿಸುವ ಮುನ್ನ ಮತ್ತೆ ಕುದಿ ಬರುವಂತೆ ಕಾಯಿಸಬೇಕು. ಕರೆಂಟು ನಂಬಲಾಗದ ದಿನಗಳಲ್ಲಿ ಅಂದಿನದನ್ನು ಅಂದೇ ಮುಗಿಸುವಷ್ಟು ಮಾತ್ರ ಮಾಡುವುದು ಜಾಣತನ.

ತೋಟದ ಆಳುಗಳ ಊಟಕ್ಕೋ ಅತಿಥಿಗಳ ತಿಂಡಿಗೋ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸುವ ಸದಸ್ಯರು ಒಂದು ಮಾತನ್ನು ಅಡುಗೆಯವರಿಗೆ ತಪ್ಪದೆ ತಿಳಿಸಬೇಕೆಂದು ಕೋರಿಕೆ. ದೊಡ್ಡ ಪಾತ್ರೆಯ ನೀರು ಕುದಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. 30 ನಿಮಿಷದ ಲೆಕ್ಕ ಪಾತ್ರೆಯನ್ನು ಒಲೆಗೇರಿಸಿದಾಗಿನಿಂದ ಅಲ್ಲ, ನೀರು ಗುಳಗುಳನೆ ಕುದಿಯಲು ತೊಡಗಿದಾಗಿನಿಂದ.